ಐರ್ಲೆಂಡ್ ಕೌಂಟಿ ಕೌನ್ಸಿಲ್ ಎಲೆಕ್ಷನ್: ಓಟು ಒಂದೇ, ಗೆಲ್ಲೋರು 7 ಜನ, ಇದು ಹೆಂಗೆ?

ಬೆಲ್ಲದಚ್ಚು_ಮಂಡ್ಯ:
ಗುರುಗಳೇ ಒಂದು ಡೌಟು. ನಮ್ಮಕ್ಕನ ಮಗ ಡಬ್ಲಿನ್ ಏರ್‌ಪೋರ್ಟ್ ಪಕ್ಕದಲ್ಲಿ ಸೋರ್ಡ್ಸ್ ಅಂತ ಊರು, ಅಲ್ಲವ್ನೆ. ಇನ್ನೂ ನಮ್ಮ ಪಾಸ್‌ಪೋರ್ಟೇ, ಅಲ್ಲಿ ಸಿಟಿಜನ್ ಆಗಿಲ್ಲ, ಆದ್ರೂ 2024ರ ಜೂನ್ 7ಕ್ಕೆ ಕೌಂಟಿ ಕೌನ್ಸಿಲ್‌ಗೆ ಓಟ್ ಹಾಕ್ಬಂದೆ ಮಾವ ಅಂತಾನೆ. ಫಿಂಗಲ್ ಕೌಂಟಿ ಕೌನ್ಸಿಲ್ ಅಂತೆ, ಒಟ್ಟು 40 ಸೀಟು, ಅದ್ರಲ್ಲಿ ಅವನ ಏರಿಯಾ ಒಂದಕ್ಕೇ 7. ಚೀಟೀಲಿ ಎಲ್ಲರ ಫೋಟೋ ಇರುತ್ತೆ, ಮುಂದೆ 1, 2, 3 ಅಂತ ನಂಬರ್ ಬರ್ಕೊಂಡು ಹೋಗೋದಂತೆ. ಇದನ್ನ ಮನೇಲಿ ಹೇಳ್ದೆ, ನಮ್ಮಣ್ಣ ಹೈಸ್ಕೂಲ್ ಮೇಷ್ಟ್ರು, ಅವನೂ ಜೂನ್ 3ಕ್ಕೆ ವಿಧಾನ ಪರಿಷತ್ತಿನ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ನೇರಳೆ ಸ್ಕೆಚ್ ಪೆನ್ನಲ್ಲಿ ನಂಬರ್ ಬರೆದು ಬಂದಿದ್ದ, "ಅಯ್ಯೋ ಇದೂ ಅದೇ ಕಣೋ, ಅನುಪಾತ ಪ್ರಾತಿನಿಧ್ಯ, ಓಟಿನ ಪಾಲಿಗೆ ತಕ್ಕಷ್ಟು ಸೀಟು" ಅಂತ ಒಂದೇ ಮಾತಲ್ಲಿ ಮುಗಿಸ್ಬಿಟ್ಟ. ಅದೇ ಆದ್ರೆ ನಮ್ಮಲ್ಲಿ ಒಬ್ರು ಗೆಲ್ತಾರೆ ಅಲ್ಲಿ ಏಳು ಜನ ಹೆಂಗೆ ಗೆಲ್ತಾರೆ? ಏಳಕ್ಕೂ ಏಳು ಓಟು ಹಾಕಿದಂಗಾ ಅಥವಾ ಒಂದೇ ಓಟಾ? ಲೋಕಸಭೆ ರಿಸಲ್ಟ್ ಗಲಾಟೇಲಿ ಯಾರನ್ನ ಕೇಳಿದ್ರೂ ಕುಮಾರಣ್ಣನ ಲೀಡ್ ಹೇಳ್ತಾರೇ ಹೊರತು ಇದಕ್ಕೆ ಉತ್ತರ ಇಲ್ಲ.

ಸರಸ್ವತಿಪುರಂ_ಟು_ಡಬ್ಲಿನ್:
ಓಟು ಒಂದೇ. ಆದರೆ ಆ ಓಟು ಒಬ್ಬರ ಹತ್ರ ಕೆಲಸಕ್ಕೆ ಬರಲಿಲ್ಲ ಅಂದ್ರೆ ಇನ್ನೊಬ್ಬರ ಹತ್ರ ನಡ್ಕೊಂಡು ಹೋಗುತ್ತೆ, ಅಷ್ಟೇ ಗುಟ್ಟು. ಲೆಕ್ಕ ನೋಡಿ: ಏರಿಯಾದಲ್ಲಿ 8000 ಸರಿಯಾದ ಓಟು ಬಿದ್ವು ಅಂತ ಇಟ್ಕೊಳ್ಳಿ, ಸೀಟು 7. ಸೀಟಿಗೆ ಒಂದು ಸೇರಿಸಿ ಭಾಗಿಸಬೇಕು, 8000ನ 8ರಿಂದ, 1000 ಬಂತು, ಅದಕ್ಕೊಂದು ಸೇರಿಸಿದ್ರೆ 1001. ಇದೇ ಕೋಟಾ. 1001 ತಗೊಂಡೋರು ಏಳು ಜನ ಇರಬಹುದು, ಎಂಟನೆಯವರಿಗೆ ಅಷ್ಟು ಓಟೇ ಉಳಿಯಲ್ಲ.

ಈಗ ಒಬ್ಬಳಿಗೆ ಮೊದಲ ಎಣಿಕೇಲೇ 1301 ಬಂತು. ಗೆದ್ಲು. ಮೇಲಿನ 300 ಅವಳಿಗೆ ಬೇಡ, ಅದು ದಂಡ ಆಗಬಾರದು ಅಂತ ಅವಳ ಅಷ್ಟೂ ಚೀಟೀಲಿ 2 ಯಾರಿಗೆ ಬರೆದವ್ರೆ ನೋಡಿ, ಅರ್ಧ ಜನ ಒಬ್ಬನಿಗೆ ಬರೆದಿದ್ರೆ ಅವನಿಗೆ 150 ಚೀಟಿ ಎತ್ತಿ ಕೊಡ್ತಾರೆ, ಮಿಕ್ಕಿದ್ದನ್ನೂ ಹಂಗೇ ಹಂಚ್ತಾರೆ. ಹಂಚೋಕೆ ಹೆಚ್ಚುವರಿ ಇಲ್ದಿದ್ರೆ ಕೊನೇಲಿರೋನನ್ನ ಔಟ್ ಮಾಡಿ ಅವನ ಚೀಟಿ ಎಲ್ಲಾ ಮುಂದಿನ ನಂಬರ್‌ನೋರಿಗೆ. ಹಿಂಗೇ ಒಂದೊಂದೇ ಸುತ್ತು. ಕೊನೇ ಒಂದೆರಡು ಸೀಟಿಗೆ ಕೋಟಾ ಮುಟ್ಟದೇನೂ ಗೆಲ್ತಾರೆ, ಯಾಕಂದ್ರೆ ಅಷ್ಟು ಹೊತ್ತಿಗೆ ಎಷ್ಟೋ ಚೀಟೀಲಿ ಮುಂದಿನ ನಂಬರೇ ಖಾಲಿ ಆಗಿರುತ್ತೆ.

ಎಲ್ಲಾ ಕೈಯಲ್ಲೇ ಎಣಿಸ್ತಾರೆ ಮಾರಾಯ್ರೆ. ಶುಕ್ರವಾರ ಓಟು, ಶನಿವಾರದಿಂದ ಎಣಿಕೆ, ಕೆಲವು ಕಡೆ ದಿನಗಟ್ಟಲೆ ಎಳೆಯುತ್ತೆ. ಡಬ್ಬ ಒಡೆದು ಚೀಟಿ ಬಿಡಿಸೋವಾಗ ಪಾರ್ಟಿಯೋರು ಕಟಕಟೆ ಈಚೆ ನಿಂತ್ಕೊಂಡು ಪೆನ್ಸಿಲ್ ಹಿಡ್ಕೊಂಡು ಗೀಟು ಹಾಕ್ತಾ ಇರ್ತಾರೆ, ಟ್ಯಾಲಿ ಅಂತಾರೆ, ಅಧಿಕೃತ ರಿಸಲ್ಟ್‌ಗಿಂತ ಎಷ್ಟೋ ಮುಂಚೆ ಅವರಿಗೆ ಗೊತ್ತಾಗಿರುತ್ತೆ. ಮಷೀನ್ ತರೋಕೆ ಹೋಗಿದ್ರು, 2002ರಲ್ಲಿ ಮೂರು ಕ್ಷೇತ್ರದಲ್ಲಿ ಟ್ರಯಲ್ಲೂ ಮಾಡಿದ್ರು, 5 ಕೋಟಿ ಯೂರೋಗೂ ಜಾಸ್ತಿ ಸುರಿದು ಕೊನೆಗೆ 2012ರಲ್ಲಿ ಗುಜರಿಗೆ ಹಾಕಿದ್ರು.

ಮತ್ತೆ ಪಾಸ್‌ಪೋರ್ಟ್ ವಿಷಯ, ಅಲ್ಲಿ ಲೋಕಲ್ ಎಲೆಕ್ಷನ್‌ಗೆ ಪೌರತ್ವ ಕೇಳಲ್ಲ, 18 ಆಗಿ ಅಲ್ಲೇ ವಾಸ ಇದ್ದು ಪಟ್ಟೀಲಿ ಹೆಸರಿದ್ರೆ ಆಯ್ತು. ಅದೇ ದಿನ ಯುರೋಪಿಯನ್ ಪಾರ್ಲಿಮೆಂಟ್ ಓಟೂ ಇತ್ತಲ್ಲ, ಆ ಚೀಟಿ ಅವನಿಗೆ ಸಿಕ್ಕಿರಲ್ಲ ಕೇಳಿ ನೋಡಿ.

ಗಂಜಾಂ_ಮೇಷ್ಟ್ರು:
ನಿಮ್ಮಣ್ಣ ಹೇಳಿದ್ದು ಕಾನೂನಿನ ಪುಸ್ತಕದ ಪ್ರಕಾರ ಸರಿ. ಸಂವಿಧಾನದ 171ನೇ ವಿಧೀಲಿ ಪರಿಷತ್ತಿನ ಈ ಚುನಾವಣೆಗಳು ಅನುಪಾತ ಪ್ರಾತಿನಿಧ್ಯದಂತೆ, ಏಕ ವರ್ಗಾವಣೀಯ ಮತದಿಂದ (ಮೇಲೆ ಹೇಳಿದ್ರಲ್ಲ, ನಡ್ಕೊಂಡು ಹೋಗೋ ಒಂದೇ ಓಟು) ಅಂತಾನೇ ಇದೆ. ಆದರೆ ನಾನೂ ಅದೇ ನೇರಳೆ ಪೆನ್ ಹಿಡ್ದೋನೇ, ಅಲ್ಲಿ ಅನುಪಾತ ಎಲ್ಲಿದೆ ಹೇಳಿ? ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ನಾಲ್ಕು ಜಿಲ್ಲೆ ಸೇರಿ ಒಂದು ಸೀಟು. ಮೇಲಿನವ್ರ ಲೆಕ್ಕದಲ್ಲೇ ಹಾಕಿ, ಸೀಟು 1 ಆದ್ರೆ 2ರಿಂದ ಭಾಗಿಸಬೇಕು, ಅಂದ್ರೆ ಅರ್ಧಕ್ಕಿಂತ ಒಂದು ಜಾಸ್ತಿ. 2024ರಲ್ಲಿ ಜೆಡಿಎಸ್‌ನ ವಿವೇಕಾನಂದ ಗೆದ್ರು, ಮರಿತಿಬ್ಬೇಗೌಡ್ರು ಸೋತ್ರು, ಸೋತೋರಿಗೆ ಬಿದ್ದ ಓಟಿಗೆ ಅರ್ಧ ಸೀಟು ಕೊಡೋಕಾಗುತ್ತಾ. ಒಂದೇ ಸೀಟನ್ನ ಅನುಪಾತದಲ್ಲಿ ಹಂಚೋಕಾಗಲ್ಲ. ನಂಬರ್ ಬರೆಯೋದ್ರಿಂದ ಅನುಪಾತ ಬರಲ್ಲ, ಒಂದು ಏರಿಯಾಗೆ ಸೀಟು ಜಾಸ್ತಿ ಇದ್ರೆ ಮಾತ್ರ ಬರುತ್ತೆ.

ಸ್ವಲ್ಪ ಹತ್ತಿರ ಬರೋದು ಅಂದ್ರೆ ಮೈಸೂರು-ಚಾಮರಾಜನಗರ ಸ್ಥಳೀಯ ಸಂಸ್ಥೆಗಳ ಕ್ಷೇತ್ರ, ಎರಡು ಸೀಟು. 2021ರಲ್ಲಿ ಕಾಂಗ್ರೆಸ್‌ನ ಡಾ. ತಿಮ್ಮಯ್ಯ, ಜೆಡಿಎಸ್‌ನ ಮಂಜೇಗೌಡ, ಒಂದೊಂದು ಪಾರ್ಟಿಗೆ ಒಂದೊಂದು. ಆದ್ರೆ ಅಲ್ಲಿ ಓಟು ಹಾಕೋರು ಮೆಂಬರ್‌ಗಳು, ಊರ ಜನ ಅಲ್ಲ.

ಬೆಲ್ಲದಚ್ಚು_ಮಂಡ್ಯ:
ಮೇಷ್ಟ್ರೇ ಇದನ್ನ ಅಣ್ಣನಿಗೆ ತೋರಿಸ್ತೀನಿ, ಒಪ್ಪಲ್ಲ ಅನ್ಸುತ್ತೆ. ಆದ್ರೆ ಏಳು ಅಂದ ತಕ್ಷಣ ನಂಗೆ ಹೊಳೆದಿದ್ದು ನಮ್ಮ ಜಿಲ್ಲೆ. ಮಳವಳ್ಳಿ, ಮದ್ದೂರು, ಮೇಲುಕೋಟೆ, ಮಂಡ್ಯ, ಶ್ರೀರಂಗಪಟ್ಣ, ನಾಗಮಂಗಲ, ಕೆ.ಆರ್.ಪೇಟೆ, ಕರೆಕ್ಟಾಗಿ 7 ಎಮ್ಮೆಲ್ಲೆ. 2018ರಲ್ಲಿ ಏಳಕ್ಕೆ ಏಳೂ ಜೆಡಿಎಸ್. 2023ರಲ್ಲಿ ಜೆಡಿಎಸ್‌ಗೆ ಕೆ.ಆರ್.ಪೇಟೆ ಒಂದೇ, ಕಾಂಗ್ರೆಸ್ 5, ಮೇಲುಕೋಟೆ ರೈತಸಂಘದ ದರ್ಶನ್ ಪುಟ್ಟಣ್ಣಯ್ಯ. ಐದು ವರ್ಷದಲ್ಲಿ ಇಡೀ ಮಂಡ್ಯ ಮಗ್ಗುಲು ಬದಲಾಯಿಸ್ಬಿಡ್ತಾ? ಜನ ಅಷ್ಟೊಂದು ಬದಲಾಗಿರಲ್ಲ ಅಂತ ನನ್ನ ಅನಿಸಿಕೆ.

ಸರಸ್ವತಿಪುರಂ_ಟು_ಡಬ್ಲಿನ್:
ಇದು ಪಾಯಿಂಟು. ಮಂಡ್ಯ ಜಿಲ್ಲೆ ಪೂರ್ತಿ ಸೋರ್ಡ್ಸ್ ಥರ ಒಂದೇ 7 ಸೀಟಿನ ಏರಿಯಾ ಆಗಿದ್ರೆ 100ಕ್ಕೆ ಹನ್ನೆರಡೂವರೆ ಚಿಲ್ಲರೆ ಓಟು ಇರೋರಿಗೆಲ್ಲಾ ಒಂದೊಂದು ಸೀಟು ಗ್ಯಾರಂಟಿ. ಏಳಕ್ಕೆ ಏಳೂ ಒಬ್ಬರೇ ಬಾಚಬೇಕು ಅಂದ್ರೆ ಜಿಲ್ಲೇಲಿ ಹತ್ತತ್ರ 88 ಪರ್ಸೆಂಟ್ ಓಟು ಬೇಕಾಗ್ತಿತ್ತು. ಇಡೀ ರಾಜ್ಯದ್ದೇ ನೋಡಿ, 2023ರಲ್ಲಿ ಕಾಂಗ್ರೆಸ್‌ಗೆ 43 ಪರ್ಸೆಂಟ್ ಹತ್ರ ಓಟು, 224ರಲ್ಲಿ 135 ಸೀಟು. ಜೆಡಿಎಸ್‌ಗೆ 13 ಪರ್ಸೆಂಟ್ ಚಿಲ್ಲರೆ, ಸೀಟು 19. ಐರ್ಲೆಂಡ್‌ನಲ್ಲಿ 2024ರ ಜೂನ್‌ನಲ್ಲಿ ಒಟ್ಟು 949 ಕೌನ್ಸಿಲರ್ ಸೀಟು, ಎರಡು ದೊಡ್ಡ ಪಾರ್ಟಿಗೂ 23 ಪರ್ಸೆಂಟ್ ಆಸುಪಾಸು ಮೊದಲ ಓಟು, ಫಿಯಾನ ಫಾಲ್‌ಗೆ 248 ಸೀಟು, ಫಿನ ಗೇಲ್‌ಗೆ 245. ಓಟಿಗಿಂತ ಸೀಟು ಸ್ವಲ್ಪ ಜಾಸ್ತಿ, ಆದ್ರೆ ನಮ್ಮಷ್ಟು ಹಾರಲ್ಲ.

ಕೆರೆಗೋಡು_ಕುಳ್ಳ:
ವಸಿ ತಡ್ಕಳಿ. ಲೆಕ್ಕ ಎಲ್ಲಾ ಚೆನ್ನಾಗದೆ ಕನ್ರಪ್ಪಾ, ಆದ್ರೆ ಏಳು ಜನಾನೂ ಒಂದೇ ಏರಿಯಾಗೆ ಅಂದ್ರೆ ನಾಳೆ ನಾಲೇಲಿ ನೀರು ಬರ್ನಿಲ್ಲ ಅಂದ್ರೆ ನಾನು ಯಾರ ಮನೆ ಮುಂದೆ ಹೋಗಿ ಕೂರ್ಲಿ? ಇವನ ತಾವ್ಕೆ ಹೋದ್ರೆ ಅವನು ಮಾಡ್ತಾನೆ ಹೋಗು ಅಂತಾನೆ. ಈಗ್ಲೇ ಒಬ್ಬ ಕೈಗೆ ಸಿಕ್ಕಲ್ಲ. ಇನ್ನೊಂದು, ಅಲ್ಲಿ ಒಂದೇ ಪಾರ್ಟಿಯಿಂದ ಇಬ್ರು ಮೂವರು ನಿಂತ್ಕಂಡ್ರೆ ಅವರವರೇ ಕಿತ್ತಾಡಲ್ವಾ?

ಸರಸ್ವತಿಪುರಂ_ಟು_ಡಬ್ಲಿನ್:
ಕಿತ್ತಾಡ್ತಾರೆ, ಚೆನ್ನಾಗೇ ಕಿತ್ತಾಡ್ತಾರೆ. ಎದುರು ಪಾರ್ಟಿಗಿಂತ ಸ್ವಂತ ಪಾರ್ಟಿಯೋನೇ ದೊಡ್ಡ ವೈರಿ, ಯಾಕಂದ್ರೆ ಇಬ್ರೂ ಅದೇ ಓಟು ಹುಡುಕ್ತಿರ್ತಾರೆ. ಅದಕ್ಕೇ ಪಾರ್ಟಿಯೋರು ಬೀದಿ ಹಂಚ್ತಾರೆ, ಈ ಕಡೆಯೋರು ಇವನಿಗೆ 1 ಹಾಕಿ ಆ ಕಡೆಯೋರು ಅವಳಿಗೆ 1 ಹಾಕಿ ಅಂತ. ಆದ್ರೆ ನಿಮ್ಮ ನಾಲೆ ಪ್ರಶ್ನೆಗೆ ಅಲ್ಲಿ ಉಲ್ಟಾ ಆಗುತ್ತೆ. ರಸ್ತೇಲಿ ಒಂದು ಗುಂಡಿ ಬಿದ್ರೆ ಏಳು ಕೌನ್ಸಿಲರೂ ನಾನೇ ಮುಚ್ಚಿಸ್ದೆ ಅಂತ ಪ್ಯಾಂಪ್ಲೆಟ್ ಹಂಚ್ತಾರೆ. ನಿಮ್ಮ 1 ಸಿಗದಿದ್ರೂ 3 ಆದ್ರೂ ಬೇಕಲ್ಲ, ಅದಕ್ಕೆ ಎದುರು ಪಾರ್ಟಿ ಬೋರ್ಡ್ ಇರೋ ಮನೆ ಬಾಗಿಲನ್ನೂ ತಟ್ಟಿ ಬರ್ತಾರೆ, ಬಯ್ಯೋದು ಕಮ್ಮಿ. ಇದು ನಂಗೆ ತುಂಬ ಇಷ್ಟ ಆಗಿದ್ದು. ಅಲ್ಲಿನ ಸರ್ಕಾರ 1959, 1968, ಎರಡು ಸಲ ಪಾರ್ಲಿಮೆಂಟ್ ಎಲೆಕ್ಷನ್‌ಗಿರೋ ಇದೇ ಪದ್ಧತೀನ ತೆಗೆದು ನಮ್ಮ ಥರ ಮಾಡೋಣ ಅಂತ ಜನಮತ ಕೇಳ್ತು, ಎರಡು ಸಲಾನೂ ಜನ ಬೇಡ ಅಂದ್ರು.

ಯಾದವಗಿರಿ_ಯಶೋದೆ:
ಎಲ್ಲರೂ ಒಂದು ಮರೀತಿದ್ದೀರ. ನಮ್ಮ ಪಂಚಾಯ್ತೀಲಿ ಅರ್ಧ ಸೀಟು ಹೆಂಗಸರಿಗೆ, ಎಸ್ಸಿ ಎಸ್ಟಿ ಹಿಂದುಳಿದೋರಿಗೆ ಬೇರೆ ಮೀಸಲು. ಅಲ್ಲಿ ಲೋಕಲ್ ಕೌನ್ಸಿಲ್‌ನಲ್ಲಿ ಹಂಗೆ ಮೀಸಲು ಸೀಟು ಇಲ್ಲ, ಹೆಂಗಸರು ಕಾಲು ಭಾಗದ ಆಸುಪಾಸು ಅಷ್ಟೇ. ಮೀಸಲಾತಿ ಇಟ್ಕೊಂಡು ಈ ಕೋಟಾ, ಟ್ರಾನ್ಸ್‌ಫರ್ ಎಲ್ಲಾ ಹೆಂಗೆ ಎಣಿಸ್ತೀರ? ಮೊದಲ ಏಳರಲ್ಲಿ ಆರು ಗಂಡಸ್ರು ಬಂದ್ರೆ ಯಾರನ್ನ ಇಳಿಸ್ತೀರ? ಅದಿರ್ಲಿ, ನಮ್ಮ ಜಿಲ್ಲಾ ಪಂಚಾಯ್ತಿಗೆ 2016ರಲ್ಲಿ ಆಗಿದ್ದು ಎಲೆಕ್ಷನ್, 2021ಕ್ಕೆ ಅವಧಿ ಮುಗೀತು, 2024 ಬಂದ್ರೂ ಇಲ್ಲವೇ ಇಲ್ಲ. ಯಾವ ಪದ್ಧತಿ ಅನ್ನೋದು ಆಮೇಲೆ, ಮೊದಲು ಓಟು ನಡೆಸಲಿ.

ಗಂಜಾಂ_ಮೇಷ್ಟ್ರು:
ಯಶೋದಮ್ಮ ಹೇಳಿದ್ದು ಸರಿಯಾದ ತೊಡಕು. ಅದಕ್ಕೆ ಪಟ್ಟಿ ಪದ್ಧತಿ, ಅಂದ್ರೆ ಆಳಿಗಲ್ಲ ಪಾರ್ಟಿಗೆ ಓಟು ಹಾಕೋದು, ವಾಸಿ, ಪಾರ್ಟಿ ಕೊಡೋ ಪಟ್ಟೀಲೇ ಒಂದು ಗಂಡು ಒಂದು ಹೆಣ್ಣು ಅಂತ ಕೂರಿಸ್ಬಹುದು. ಆದ್ರೆ ಆಗ ಪಕ್ಷೇತರರು ಮೂಲೆಗೆ. ಮಂಡ್ಯದೋರು ಅದನ್ನ ಒಪ್ತಾರಾ, 2019ರಲ್ಲಿ ಸುಮಲತಾನ ಗೆಲ್ಲಿಸಿದ ಜನ.

ಬೆಲ್ಲದಚ್ಚು_ಮಂಡ್ಯ:
ಕೊನೇ ಡೌಟು. ನಮ್ ಹುಡುಗ 1ರಿಂದ 4ರವರೆಗೆ ಬರ್ದು ಮಿಕ್ಕಿದ್ದು ಖಾಲಿ ಬಿಟ್ನಂತೆ, ಯಾರ ಪರಿಚಯಾನೂ ಇಲ್ಲ ಅಂತ. ಓಟು ಹಾಳಾಯ್ತಾ?

ಸರಸ್ವತಿಪುರಂ_ಟು_ಡಬ್ಲಿನ್:
ಇಲ್ಲ ಇಲ್ಲ, 1 ಒಂದಿದ್ರೂ ಓಟು ಸಿಂಧು. ಆ ನಾಲ್ಕೂ ಜನ ಗೆದ್ದೋ ಸೋತೋ ಮುಗಿದ್ಮೇಲೆ ಅವನ ಚೀಟಿ ಪಕ್ಕಕ್ಕೆ ಹೋಗುತ್ತೆ ಅಷ್ಟೇ. ಇನ್ನೊಂದು ಹೇಳಿ ಅವನಿಗೆ, ಪೌರತ್ವ ಇಲ್ಲದೇನೂ ಅಲ್ಲಿ ನಿಲ್ಲಬಹುದು, ಕೇರಳ ಮೂಲದೋರು ಆಗಲೇ ಕೌನ್ಸಿಲರ್ ಆಗಿದ್ದಾರೆ, ಮುಂದಿನದು 2029ಕ್ಕೆ.

ಬೆಲ್ಲದಚ್ಚು_ಮಂಡ್ಯ:
ಅದೊಂದು ಹೇಳಲ್ಲ ಸಾ. ಅಕ್ಕ ಈಗಲೇ ಅವನಿಗೆ ಹೆಣ್ಣು ನೋಡ್ತಾವ್ಳೆ, ಎಲೆಕ್ಷನ್‌ಗೆ ನಿಲ್ಸೋಕೆ ನಾನೇ ಕಿವಿ ಊದಿದ್ದು ಅಂತ ಗೊತ್ತಾದ್ರೆ ಹಬ್ಬಕ್ಕೆ ಮನೆಗೆ ಸೇರ್ಸಲ್ಲ.