ಬಿಹಾರದ ಹುಡುಗರಿಗೆ ಇಂಗ್ಲಿಷ್ ವಾಕ್ಯ ಹೇಳಿಕೊಡುವುದು ಹೇಗೆ?

ಹೋಂಸ್ಟೇ, ತೀರ್ಥಹಳ್ಳಿ:
ನಮ್ಮಲ್ಲಿ ಬಿಹಾರದ ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಒಬ್ಬ ಅಡುಗೆಮನೆಗೆ, ಇನ್ನೊಬ್ಬ ರೂಮು ನೋಡಿಕೊಳ್ಳುವುದಕ್ಕೆ. ಇಬ್ಬರೂ ಚುರುಕು. ಕನ್ನಡ ಆಗಲೇ ಸುಮಾರಾಗಿ ಬರುತ್ತೆ. ಆದರೆ ಚೆನ್ನೈ, ಕೊಚ್ಚಿ ಕಡೆಯವರು ಇಂಗ್ಲಿಷಲ್ಲಿ ಏನಾದರೂ ಕೇಳಿದರೆ ನನ್ನ ಮುಖ ನೋಡುತ್ತಾರೆ. ಟವೆಲ್, ಹಾಟ್ ವಾಟರ್ ಎಲ್ಲ ಗೊತ್ತು, ವಾಕ್ಯ ಕಟ್ಟಲು ಬರಲ್ಲ. ಮಳೆಗಾಲದಲ್ಲಿ ಜನ ಕಡಿಮೆ. ಸಂಜೆ ಕೂರಿಸಿಕೊಂಡು ಹೇಳಿಕೊಡೋಣ ಅಂತಿದ್ದೇನೆ. ನನ್ನ ಹತ್ತಿರ ಇರುವುದು ಕನ್ನಡದವರಿಗೆ ಬರೆದ ಪುಸ್ತಕ. ಅದೇ ಪಾಠ ಇವರಿಗೂ ಆಗುತ್ತಾ? ನಾಳೆ ಎಲ್ಲಿಗೆ ಹೋದರೂ ಇವರ ಹೊಟ್ಟೆಪಾಡಿಗೆ ಇದು ಆಗಬೇಕು.

ನಿವೃತ್ತ ಮೇಷ್ಟ್ರು, ಸಾಗರ:
ಬಹುಪಾಲು ಆಗುತ್ತೆ ತಾಯಿ. ಅವರ ಹಿಂದಿ, ನಮ್ಮ ಕನ್ನಡ, ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ‘ಮೈ ಚಾಯ್ ಬನಾತಾ ಹೂಂ’, ‘ನಾನು ಚಹಾ ಮಾಡ್ತೀನಿ’. ಇಂಗ್ಲಿಷಲ್ಲಿ ಅದು ನಡುವೆ ಬರಬೇಕು: ‘ಐ ಮೇಕ್ ಟೀ’. ‘ಮುಝೇ ಪತಾ ಹೈ’ ಅಂದರೂ ‘ನನಗೆ ಗೊತ್ತು’ ಅಂದರೂ ಅಷ್ಟೇ, ಇಂಗ್ಲಿಷಿಗೆ ಹೋದಾಗ ‘ನನಗೆ’ ಹೋಗಿ ‘ನಾನು’ ಬರುತ್ತೆ: ‘ಐ ನೋ’.

ದಾರಿ ಬೇರೆಯಾಗುವುದು ‘ಹೈ’ ಹತ್ತಿರ. ‘ಅವನು ನನ್ನ ತಮ್ಮ’ ಅಂತ ಹೇಳಿ ರೂಢಿಯಾದ ನಮ್ಮ ಮಕ್ಕಳು ‘ಈಸ್’ ಬಿಟ್ಟುಬಿಡುತ್ತಾರೆ. ಹಿಂದಿಯವರು ‘ವಹ್ ಮೇರಾ ಭಾಯಿ ಹೈ’ ಅನ್ನುತ್ತಾರಲ್ಲ, ಅವರಿಗೆ ‘ಈಸ್’ ಸಲೀಸು. ಆದರೆ ‘ವಹ್ ಜಾತಾ ಹೈ’ ಅನ್ನುವಾಗಲೂ ‘ಹೈ’ ಇದೆ. ಅದಕ್ಕೇ ‘ಹಿ ಈಸ್ ಗೋ’ ಅಂತ ಬಾಯಿಗೆ ಬರುತ್ತೆ. ದಿನಾ ಮಾಡುವ ಕೆಲಸಕ್ಕೆ ‘ಹಿ ಗೋಸ್’ ಸಾಕು, ‘ಈಸ್’ ಬೇಡ ಅಂತ ಶುರುವಲ್ಲೇ ಹೇಳಿಬಿಡಿ.

ಪ್ರಶ್ನೆ ಕೇಳುವುದರಲ್ಲಿ ಅವರಿಗೆ ನಮಗಿಂತ ಅನುಕೂಲ ಜಾಸ್ತಿ. ನಾವು ‘ಚಹಾ ತಗೋತೀರಾ’ ಅಂತ ಬಾಲದಲ್ಲಿ ಕೇಳುತ್ತೇವೆ. ಅವರು ‘ಕ್ಯಾ ಆಪ್ ಚಾಯ್ ಲೇಂಗೆ’ ಅಂತ ತಲೆಯಲ್ಲೇ ಕೇಳುತ್ತಾರೆ. ಆ ‘ಕ್ಯಾ’ ಇದ್ದ ಜಾಗದಲ್ಲಿ ‘ವಿಲ್’ ಇಡಿಸಿ: ‘ವಿಲ್ ಯು ಹ್ಯಾವ್ ಟೀ?’ ‘ಆಪ್ ಕ್ಯಾ ಲೇಂಗೆ’ಯ ‘ಕ್ಯಾ’ ಬೇರೆ, ಅದು ‘ವಾಟ್’. ಎರಡನ್ನೂ ಒಂದೇ ಸಂಜೆ ಹೇಳಬೇಡಿ.

ಹೆಚ್ಚು ಹೊತ್ತು ಕೊಡಬೇಕಾದ್ದು ‘ಸೇ’ಗೆ. ‘ಪಟ್ನಾ ಸೇ’ ಅಂದರೆ ‘ಫ್ರಮ್ ಪಟ್ನಾ’. ‘ಸುಬಹ್ ಸೇ’ ಅಂದರೆ ‘ಸಿನ್ಸ್ ಮಾರ್ನಿಂಗ್’. ‘ದೋ ಸಾಲ್ ಸೇ’ ಅಂದರೆ ‘ಫಾರ್ ಟೂ ಇಯರ್ಸ್’. ‘ಬಸ್ ಸೇ’ ಅಂದರೆ ‘ಬೈ ಬಸ್’. ಎಷ್ಟು ದಿನದಿಂದ ಇಲ್ಲಿದ್ದೀಯಪ್ಪಾ ಅಂತ ಅತಿಥಿಗಳು ಕೇಳೇ ಕೇಳುತ್ತಾರೆ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’. ಇದರ ವ್ಯಾಕರಣ ಬಿಡಿಸಲು ಹೋಗಬೇಡಿ. ಇಡೀ ವಾಕ್ಯ ಬಾಯಿಗೆ ಬರಲಿ. ಆಮೇಲೆ ವರ್ಷ ತೆಗೆದು ತಿಂಗಳು ಹಾಕಲಿ, ‘ವರ್ಕಿಂಗ್’ ತೆಗೆದು ‘ಲಿವಿಂಗ್’ ಹಾಕಲಿ. ಮಕ್ಕಳು ವಾಕ್ಯ ಕಲಿಯುವುದು ಹೀಗೇ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಟ್ಯಾಕ್ಸಿ, ತಾಳಗುಪ್ಪ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಅಕ್ಕಾ, ಮೊದಲು ಪ್ರಶ್ನೆ ಕಿವಿಗೆ ಬೀಳಬೇಕು. ರೈಲು ಇಳಿದು ಜೋಗಕ್ಕೆ ಹೊರಟವರು ಕೇಳುವುದು ಹೆಚ್ಚು ಕಡಿಮೆ ಅದದೇ. ‘ಹೌ ಫಾರ್’ ಅಂದರೆ ಕಿಲೋಮೀಟರ್ ಹೇಳಬೇಕು. ‘ಹೌ ಲಾಂಗ್’ ಅಂದರೆ ಹೊತ್ತು ಹೇಳಬೇಕು: ‘ಇಟ್ ಟೇಕ್ಸ್ ಹಾಫ್ ಎನ್ ಅವರ್’. ಜೋಗದ ಎತ್ತರ ಕೇಳಿದರೆ ‘253 ಮೀಟರ್ಸ್’. ನಿಮ್ಮ ಹುಡುಗರಿಗೆ ಆಗುಂಬೆ, ಕುಂದಾದ್ರಿ, ಕವಲೇದುರ್ಗ ಮೂರಕ್ಕೂ ಹೀಗೆ ಉತ್ತರ ಕಲಿಸಿ. ನೀವೇ ಅತಿಥಿ ಆಗಿ ಕೇಳಿ. ಸ್ವಲ್ಪ ಬೇಗ ಬೇಗ ಕೇಳಿ, ಅವರು ಹಾಗೇ ಕೇಳೋದು.

ಹೋಂಸ್ಟೇ, ತೀರ್ಥಹಳ್ಳಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ‘ಕ್ಯಾ’ ವಿಷಯ ಇವತ್ತೇ ಶುರು ಮಾಡುತ್ತೇನೆ. ಇನ್ನೊಂದು ಕೇಳಲಾ ಮೇಷ್ಟ್ರೇ? ‘ಯಹಾಂ ನೆಟ್‌ವರ್ಕ್ ನಹೀಂ ಹೈ’ ಅನ್ನುವುದನ್ನು ‘ಹಿಯರ್ ನೆಟ್‌ವರ್ಕ್ ನಾಟ್’ ಅನ್ನುತ್ತಾರೆ. ಅದನ್ನು ಹೇಗೆ ತಿದ್ದಲಿ?

ನಿವೃತ್ತ ಮೇಷ್ಟ್ರು, ಸಾಗರ:
ಹಿಂದಿಯಲ್ಲಿ ಜಾಗ ಮೊದಲು, ನಮ್ಮಲ್ಲೂ ಹಾಗೇ. ಇಂಗ್ಲಿಷಲ್ಲಿ ‘ದೇರ್ ಈಸ್’ ಅಂತ ಶುರು ಮಾಡಿ ಜಾಗವನ್ನು ಕೊನೆಗಿಡಬೇಕು. ‘ದೇರ್ ಈಸ್ ನೋ ನೆಟ್‌ವರ್ಕ್ ಹಿಯರ್’. ಒಂದಕ್ಕಿಂತ ಜಾಸ್ತಿ ಇದ್ದರೆ ‘ದೇರ್ ಆರ್’. ಮಳೆಗಾಲ ಅಲ್ವಾ, ಇಂಬಳದ ವಾಕ್ಯದಿಂದಲೇ ಅಭ್ಯಾಸ ಮಾಡಿಸಿ: ‘ದೇರ್ ಆರ್ ಲೀಚಸ್ ಆನ್ ದ ಪಾತ್. ಪ್ಲೀಸ್ ಟೇಕ್ ಸಮ್ ಸಾಲ್ಟ್.’