ಪ್ರಶ್ನೋತ್ತರ: ಬಾಗಿಲಲ್ಲಿ ಜನ ಎಣಿಸುವ ಸೆನ್ಸರ್, ಡಾಕರ್ ಕಂಟೇನರ್

ಆಲ್ದೂರು ಕಾಫಿ ತೋಟ: ಸರ್, ನಮ್ಮ ಕಾಫಿ ಪುಡಿ ಅಂಗಡಿಗೆ ದಿನಕ್ಕೆ ಎಷ್ಟು ಜನ ಬರ್ತಾರೆ ಅಂತ ಎಣಿಸೋಕೆ ರಾಸ್ಪ್‌ಬೆರಿ ಪೈ 5 ಅನ್ನುವ ಪುಟ್ಟ ಕಂಪ್ಯೂಟರ್ ಹಾಕಿದ್ದೇನೆ. ಬಾಗಿಲ ಚೌಕಟ್ಟಿಗೆ ಶಬ್ದದ ಅಲೆ ಕಳಿಸಿ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್. ಪ್ರೋಗ್ರಾಂ ಡಾಕರ್ ಕಂಟೇನರ್ ಒಳಗಿದೆ, ಅಂದರೆ ಬೇರೆ ಪ್ರೋಗ್ರಾಂಗಳಿಂದ ಬೇರ್ಪಡಿಸಿ ಡಬ್ಬಿಯಲ್ಲಿಟ್ಟ ಹಾಗೆ. ಹಳೆ ಪೈ 4ರಲ್ಲಿ ಎಣಿಸುತ್ತಿತ್ತು, ಇದರಲ್ಲಿ ಬರೀ ಎರರ್. ಫಾರ್ವರ್ಡ್ ಬಂದಿತ್ತು ಅಂತ, ಕಂಟೇನರಿಗೆ ಎಲ್ಲ ಅನುಮತಿ ಕೊಡುವ ಪ್ರಿವಿಲೆಜ್ಡ್ ಕೂಡ ಹಾಕಿದೆ, ಆದರೂ ಇಲ್ಲ. ಸೆನ್ಸರಿಗೆ ಸೂಚನೆ ಕೊಡುವ ಟ್ರಿಗರ್, ಉತ್ತರ ತರುವ ಎಕೋ, ಎರಡೂ ವೈರನ್ನು ನೇರ ಪೈಗೆ ಕೊಟ್ಟಿದ್ದೇನೆ.

ಇಂಜಿನಿಯರ್, ಹಾಸನ: ಮೊದಲು ಪೈ ಆಫ್ ಮಾಡಿ, ಎಕೋ ವೈರ್ ಕೀಳಿ. ಆಮೇಲೆ ಓದಿ. ಆ ಸೆನ್ಸರ್ 5 ವೋಲ್ಟಿನದು. ಎಕೋ ಪಿನ್ ವಾಪಸ್ ಕೊಡುವುದೂ 5 ವೋಲ್ಟೇ. ಪೈ ಪಿನ್ ತಡೆಯುವುದು 3.3 ಮಾತ್ರ. ಪೈ 4 ಇಷ್ಟು ದಿನ ಬದುಕಿದ್ದು ನಿಮ್ಮ ಅದೃಷ್ಟ. ಎಕೋದಿಂದ ಪೈ ಪಿನ್ನಿಗೆ 1 ಕಿಲೋಓಮ್ ರೆಸಿಸ್ಟರ್, ಅದೇ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್. ಐದರಲ್ಲಿ ಮೂರನೇ ಎರಡು ಪಾಲು, ಸುಮಾರು 3.3 ಆಗುತ್ತೆ.

ಎರರ್ ವಿಷಯ ಬೇರೆ. ಪೈ 5ರಲ್ಲಿ ಪಿನ್ನುಗಳನ್ನು ನೋಡಿಕೊಳ್ಳುವುದು ಆರ್‌ಪಿ1 ಅನ್ನುವ ಬೇರೆ ಚಿಪ್. ಪಿನ್ ಓದುವ ಹಳೆಯ ಆರ್‌ಪಿಐ ಡಾಟ್ ಜಿಪಿಐಒ ಲೈಬ್ರರಿಗೆ ಅದು ಗೊತ್ತಿಲ್ಲ. ಬದಲಿಗೆ ಎಲ್‌ಜಿಪಿಐಒ ಲೈಬ್ರರಿ ಬಳಸಿ. ಕಂಟೇನರ್ ಸೆಟ್ಟಿಂಗ್‌ನ ಡಿವೈಸ್ ಸಾಲಿನಲ್ಲಿ ಒಂದು ಜಿಪಿಐಒಚಿಪ್, ಅಂದರೆ ಪಿನ್ನುಗಳ ಡಿವೈಸ್ ಫೈಲ್, ಮಾತ್ರ ಕೊಡಿ. ಪೈನ ಲಿನಕ್ಸ್ ಕರ್ನಲ್ ಹಳೆಯದಾದರೆ ಅದರ ನಂಬರ್ 4, ಹೊಸದಾದರೆ 0. ಜಿಪಿಐಒಡಿಟೆಕ್ಟ್ ಕಮಾಂಡ್ ಓಡಿಸಿ, ಆರ್‌ಪಿ1 ಅಂತ ಎಲ್ಲಿ ಬರೆದಿದೆ ನೋಡಿ.

ಪ್ರಿವಿಲೆಜ್ಡ್ ಇವತ್ತೇ ತೆಗೆಯಿರಿ. ಒಂದು ಸೆನ್ಸರ್ ಓದೋಕೆ ಇಡೀ ಯಂತ್ರದ ಬೀಗದ ಕೈ ಕೊಟ್ಟ ಹಾಗೆ ಅದು. ಆ ಫಾರ್ವರ್ಡ್ ಈ ತಿಂಗಳು ಮೂರನೇ ಸಲ ನೋಡುತ್ತಿದ್ದೇನೆ.

ಬೇಲೂರು ಅಂಗಡಿ: ಸರ್, ನನ್ನ ಲೆಕ್ಕ ರಾತ್ರಿ 12ಕ್ಕೆ ಸೊನ್ನೆ ಆಗಬೇಕು, ಬೆಳಿಗ್ಗೆ ಐದೂವರೆಗೆ ಆಗ್ತಿದೆ.

ಇಂಜಿನಿಯರ್, ಹಾಸನ: ಕಂಟೇನರ್ ಗಡಿಯಾರ ಯುಟಿಸಿಯಲ್ಲಿದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಟಿಝೆಡ್ ಅನ್ನುವ ಸಮಯವಲಯದ ಸೆಟ್ಟಿಂಗ್‌ಗೆ ಏಷ್ಯಾ/ಕೋಲ್ಕತಾ ಕೊಡಿ. ಕಂಟೇನರ್ ಆಲ್ಪೈನ್ ಅನ್ನುವ ಪುಟ್ಟ ಲಿನಕ್ಸ್ ಇಮೇಜ್‌ನಿಂದ ಮಾಡಿದ್ದಾದರೆ ಟಿಝೆಡ್‌ಡೇಟಾ ಪ್ಯಾಕೇಜ್ ಬೇರೆ ಹಾಕಬೇಕು.

ಬಾಳೆಹೊನ್ನೂರು ಹೋಂಸ್ಟೇ: ಕಂಟೇನರ್ ಅಪ್‌ಡೇಟ್ ಮಾಡಿದಾಗೆಲ್ಲ ಹಳೆ ಲೆಕ್ಕ ಮಾಯ ಸರ್.

ಇಂಜಿನಿಯರ್, ಹಾಸನ: ಡೇಟಾವನ್ನು ವಾಲ್ಯೂಮ್‌ನಲ್ಲಿ, ಅಂದರೆ ಕಂಟೇನರ್ ಹೊರಗಿನ ಜಾಗದಲ್ಲಿ, ಇಡಿ. ಕಂಟೇನರ್ ಒಳಗೆ ಬರೆದದ್ದು ಅದನ್ನು ತೆಗೆದಾಗ ಹೋಗುತ್ತೆ.

ಮುಳ್ಳಯ್ಯನಗಿರಿ ದಾರಿ ಅಂಗಡಿ: ಸೋಲಾರ್‌ನಲ್ಲಿ ಓಡಿಸಬಹುದಾ ಸರ್? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಇರಲ್ಲ.

ಸಕಲೇಶಪುರ ಹೋಂಸ್ಟೇ: ಬಾಗಿಲು ಎಣಿಸೋಕೆ ಡಾಕರ್ ಯಾಕೆ? ಒಂದು ಇಎಸ್‌ಪಿ32 ಚಿಪ್ ಸಾಕು. ಸುಮ್ನೆ ತಲೆನೋವು.

ಹಾಸನ, ಕಾಲೇಜು: ಅಣ್ಣ, ಅದೇ ಪೈನಲ್ಲಿ ಬಿಲ್ಲಿಂಗೂ ಓಡುತ್ತೆ. ಒಂದು ಕೆಟ್ಟರೆ ಇನ್ನೊಂದು ಕೆಡಬಾರದು, ಅದಕ್ಕೇ ಕಂಟೇನರ್.

ಸಕಲೇಶಪುರ ಹೋಂಸ್ಟೇ: ಪೈನ ಮೆಮೊರಿ ಕಾರ್ಡ್ ಹೋದರೆ ಎರಡೂ ಹೋಗುತ್ತೆ. ಪುಸ್ತಕ ಓದಿ ಹೇಳಬೇಡ.

ಹಾಸನ, ಕಾಲೇಜು: ಎರಡು ವರ್ಷದಿಂದ ನಾನೇ ಓಡಿಸ್ತಿದ್ದೀನಿ. ನೀವು ಎಷ್ಟು ಓಡಿಸಿದ್ದೀರಿ?

ಇಂಜಿನಿಯರ್, ಹಾಸನ: ಇಬ್ಬರೂ ನಿಲ್ಲಿಸಿ. ತೋಟದವರ ಪೈ ಸುಟ್ಟಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಚಿಕ್ಕಮಗಳೂರು ಲೈಬ್ರರಿ: ಪಿಐಆರ್ ಸೆನ್ಸರ್ ಹಾಕಿದ್ದೇವೆ. ಐದು ಜನ ಒಟ್ಟಿಗೆ ಬಂದರೆ ಒಂದೇ ಎಣಿಸುತ್ತೆ ಸರ್.

ಇಂಜಿನಿಯರ್, ಹಾಸನ: ಅದು ತಲೆ ಎಣಿಸಲ್ಲ ಮೇಡಂ. ಬೆಚ್ಚಗಿನದು ಏನೋ ಅಲುಗಿತು ಅಂತ ಮಾತ್ರ ಹೇಳುತ್ತೆ. ಕಿತ್ತಳೆ ಬಣ್ಣದ ತಿರುಪು ಎರಡಿರುತ್ತೆ, ಸಮಯದ್ದನ್ನು ಕಡಿಮೆ ಮಾಡಿ. ಸರಿಯಾದ ಲೆಕ್ಕ ಬೇಕಾದರೆ ಅಡ್ಡಲಾಗಿ ಎರಡು ಇನ್ಫ್ರಾರೆಡ್ ಬೀಮ್ ಹಾಕಿ. ಮೊದಲು ಯಾವುದು ಕಡಿಯಿತು ಅನ್ನುವುದರಿಂದ ಒಳಗೆ ಬಂದರೋ ಹೊರಗೆ ಹೋದರೋ ತಿಳಿಯುತ್ತೆ. ಪಕ್ಕಪಕ್ಕ ಇಬ್ಬರು ನಡೆದರೆ ಅದೂ ಒಂದೇ.

ಕಡೂರು ಸದಸ್ಯರು: ಪ್ರಿವಿಲೆಜ್ಡ್ ಹಾಕಿ ನೋಡಿ, ಎಲ್ಲ ಸರಿಹೋಗುತ್ತೆ ಅಂತ ಒಂದು ಮೆಸೇಜ್ ಬಂದಿದೆ.

ಇಂಜಿನಿಯರ್, ಹಾಸನ: ಮೇಲೆ ಓದಿ.

ಆಲ್ದೂರು ಕಾಫಿ ತೋಟ: ಸರ್, ಮೀಟರ್ ಇಟ್ಟು ನೋಡಿದೆ. ಹಳೆ ವೈರಿಂಗ್‌ನಲ್ಲಿ ಎಕೋ 4.9. ರೆಸಿಸ್ಟರ್ ಹಾಕಿದ ಮೇಲೆ 3.2. ಮೊದಲಿನ ಪಿನ್ ಏನೂ ಓದುತ್ತಿಲ್ಲ. ಪಕ್ಕದ ಪಿನ್ನಿಗೆ ಹಾಕಿದೆ, ನಮ್ಮ ಹುಡುಗನನ್ನು ಹತ್ತು ಸಲ ಓಡಾಡಿಸಿದೆ, ಹತ್ತೂ ಬಂತು.

ಇಂಜಿನಿಯರ್, ಹಾಸನ: ಬದುಕಿತು. ಆ ಹಳೆ ಪಿನ್ ಇನ್ನು ಮುಟ್ಟಬೇಡಿ. ಪ್ರಿವಿಲೆಜ್ಡ್ ತೆಗೆದಿರಾ?

ಆಲ್ದೂರು ಕಾಫಿ ತೋಟ: ಈಗ ತೆಗೆದೆ ಸರ್.

ಮುಳ್ಳಯ್ಯನಗಿರಿ ದಾರಿ ಅಂಗಡಿ: ಸರ್, ನನ್ನ ಸೋಲಾರ್ ಪ್ರಶ್ನೆ?