ಕೈನಡುಕಕ್ಕೆ ಅಲ್ಟ್ರಾಸೌಂಡ್ ಚಿಕಿತ್ಸೆ: ಮಾಡಿಸಿಕೊಂಡವರು ಇದ್ದೀರಾ?

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವರು

ನಮ್ಮ ತಂದೆಗೆ 69 ವರ್ಷ, ನಿವೃತ್ತ ಮೇಷ್ಟ್ರು. ಹತ್ತು ವರ್ಷದಿಂದ ಎರಡೂ ಕೈ ನಡುಗುತ್ತವೆ, ಬಲಗೈ ಹೆಚ್ಚು. ಸುಮ್ಮನೆ ಕುಳಿತಾಗ ಏನೂ ಇಲ್ಲ. ಲೋಟ ಎತ್ತಿದರೆ, ಪೆನ್ನು ಹಿಡಿದರೆ ಶುರು. ಎಸೆನ್ಷಿಯಲ್ ಟ್ರೆಮರ್ ಎಂದಿದ್ದಾರೆ. ಆಸ್ತಮಾ ಇರುವುದರಿಂದ ಪ್ರೊಪ್ರನೊಲಾಲ್ ಕೊಡುವಂತಿಲ್ಲ, ಪ್ರಿಮಿಡೋನ್ ಕೊಟ್ಟರೆ ಹಗಲೆಲ್ಲ ತೂಕಡಿಕೆ. ಪಂಕ್ತಿಯಲ್ಲಿ ಸಾರನ್ನ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಎಲೆಗೆ ಬೀಳುತ್ತದೆಂದು ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ. ತಲೆ ಕೊರೆಯದೆ ಅಲ್ಟ್ರಾಸೌಂಡಿನಿಂದ ನಡುಕ ನಿಲ್ಲಿಸುವ ಚಿಕಿತ್ಸೆಯೊಂದಿದೆ ಎಂದು ನರರೋಗ ತಜ್ಞರು ಈಗ ಹೇಳಿದ್ದಾರೆ. ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಅನುಭವ ತಿಳಿಸಿ.

ತುಮಕೂರಿನಿಂದ, ಮಾಡಿಸಿಕೊಂಡವರು

ನಾನು ಮೂವತ್ತು ವರ್ಷ ನಕ್ಷೆ ಬರೆದು ಬದುಕಿದವನು. ಹಾಗಾಗಿ ಕೈ ನಡುಗತೊಡಗಿದಾಗ ಅದನ್ನು ಮೊದಲು ಗುರುತಿಸಿದವನು ನಾನೇ, ಗೆರೆಯಲ್ಲಿ. ಎರಡು ವರ್ಷದ ಹಿಂದೆ ಕೊಯಮತ್ತೂರಿಗೆ ಹೋಗಿ ಬಲಗೈಗೆ ಈ ಚಿಕಿತ್ಸೆ ಮಾಡಿಸಿಕೊಂಡೆ.

ಅಲ್ಟ್ರಾಸೌಂಡ್ ಎಂದ ಕೂಡಲೇ ಹೊಟ್ಟೆಗೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗ್ ನೆನಪಾಗುತ್ತದೆ. ಇದು ಅದಲ್ಲ. ಚರ್ಮ ಕೊಯ್ಯುವುದಿಲ್ಲ, ಮೂಳೆ ಕೊರೆಯುವುದಿಲ್ಲ ನಿಜ. ಆದರೆ ಮಿದುಳಿನ ಆಳದಲ್ಲಿ, ಥಾಲಮಸ್ ಎಂಬಲ್ಲಿ, ಉದ್ದಿನ ಕಾಳಿನಷ್ಟು ಜಾಗವನ್ನು ಸುಟ್ಟುಹಾಕುತ್ತಾರೆ. ಸುಟ್ಟದ್ದು ಸುಟ್ಟ ಹಾಗೆಯೇ. ಮೊದಲು ಇದನ್ನು ನಿಮ್ಮ ತಂದೆಯವರಿಗೆ ಬಿಡಿಸಿ ಹೇಳಿ.

ಹಿಂದಿನ ದಿನ ತಲೆಯನ್ನು ಪೂರ್ತಿ ನುಣ್ಣಗೆ ಬೋಳಿಸಿದರು. ಊರಿಗೆ ಮರಳಿದ ಮೇಲೆ ತಿರುಪತಿ ದರ್ಶನ ಚೆನ್ನಾಗಿ ಆಯಿತೇ ಎಂದು ಕೇಳದವರಿಲ್ಲ. ತಲೆಗೆ ಲೋಹದ ಚೌಕಟ್ಟು ಕೂರಿಸಿ ನಾಲ್ಕು ಕಡೆ ಮೊಳೆಯಂಥ ತಿರುಪುಗಳಿಂದ ಬಿಗಿಯುತ್ತಾರೆ. ಅದಕ್ಕೆ ಮುನ್ನ ಕೊಡುವ ಮರಗಟ್ಟಿಸುವ ಚುಚ್ಚುಮದ್ದೇ ಇಡೀ ದಿನದಲ್ಲಿ ನನಗೆ ಅತಿ ನೋವು ಕೊಟ್ಟದ್ದು. ಆಮೇಲೆ ಎಂಆರ್‌ಐ ಯಂತ್ರದೊಳಗೆ ಮಲಗಿಸಿ ತಲೆಗೆ ಶಿರಸ್ತ್ರಾಣದಂಥದ್ದು ಹಾಕಿದರು. ಅದರಲ್ಲಿ 1024 ಬಿಂದುಗಳಿಂದ ತರಂಗಗಳು ಹೊರಟು ಒಂದೇ ಕಡೆ ಸೇರುತ್ತವೆಯಂತೆ. ಒಂದೊಂದು ತರಂಗವೂ ದುರ್ಬಲ, ಸೇರಿದಲ್ಲಿ ಮಾತ್ರ ಶಾಖ. ಬುರುಡೆ ಕಾಯದಿರಲೆಂದು ಸುತ್ತ ತಣ್ಣೀರು ಹರಿಯುತ್ತಿರುತ್ತದೆ. ನಡುಕ ಹುಟ್ಟಿದ್ದು ಚಳಿಯಿಂದಲೋ ರೋಗದಿಂದಲೋ ನನಗೇ ತಿಳಿಯಲಿಲ್ಲ!

ಪೂರ್ತಿ ಎಚ್ಚರವಾಗಿರುತ್ತೀರಿ. ಮೊದಲು ಕಡಿಮೆ ಶಾಖ ಕೊಟ್ಟು ನೋಡುತ್ತಾರೆ: ನಡುಕ ಇಳಿಯಿತೇ, ತುಟಿ ಮರಗಟ್ಟಿತೇ, ಮಾತು ತೊದಲಿತೇ? ಜಾಗ ಸರಿಯಿದೆ ಎಂದಾದ ಮೇಲೆ 55ರಿಂದ 60 ಡಿಗ್ರಿಯವರೆಗೆ ಏರಿಸುತ್ತಾರೆ. ಪ್ರತಿ ಸಲವೂ ಕೆಲವೇ ಸೆಕೆಂಡು. ಏರಿದಾಗ ತಲೆಯೊಳಗೆ ಬಿಸಿ, ಜೊತೆಗೆ ಜಾತ್ರೆಯ ತೊಟ್ಟಿಲಲ್ಲಿ ಕುಳಿತಂತೆ ಸುತ್ತು. ನಡುನಡುವೆ ಹಲಗೆ ಕೊಟ್ಟು ಸುರುಳಿ ಬರೆಸುತ್ತಾರೆ. ನನ್ನ ಮೊದಲ ಸುರುಳಿ ಕೋಳಿ ಕೆದರಿದಂತಿತ್ತು. ಕೊನೆಯದು ನಾನು ಕೆಲಸದಲ್ಲಿದ್ದಾಗಿನ ಗೆರೆ. ಆ ಎರಡೂ ಹಾಳೆ ಮನೆಯಲ್ಲಿವೆ.

ಈಗ ನನ್ನ ಬಲಗೈ ಲೋಟ ಹಿಡಿಯುತ್ತದೆ, ಸಹಿ ಹಾಕುತ್ತದೆ. ಎಡಗೈ ಮೊದಲಿನಂತೆಯೇ ಇದೆ. ಮೂರು ವಾರ ನಡೆಯುವಾಗ ಒಂದು ಕಡೆಗೆ ವಾಲುತ್ತಿದ್ದೆ, ಕೋಲು ಬೇಕಾಯಿತು. ತುಟಿಯ ಬಲತುದಿ ಮತ್ತು ಹೆಬ್ಬೆರಳಿನಲ್ಲಿ ಜುಮುಜುಮು ಇಂದಿಗೂ ಇದೆ. ಮೊದಲ ತಿಂಗಳು ನಡುಕ ಸೊನ್ನೆಯಾಗಿತ್ತು. ಈಗ ದಣಿದಾಗ ಸ್ವಲ್ಪ ಇಣುಕುತ್ತದೆ. ಅಷ್ಟಾದರೂ ಮತ್ತೆ ಕೇಳಿದರೆ ಮಾಡಿಸಿಕೊಳ್ಳುತ್ತೇನೆ.

ಹುಬ್ಬಳ್ಳಿಯಿಂದ

ನಮ್ಮದು ಬರಿಗೈಯಲ್ಲಿ ಮರಳಿದ ಕಥೆ. ತಂದೆಯವರನ್ನು ರೈಲಿನಲ್ಲಿ ಪರರಾಜ್ಯಕ್ಕೆ ಕರೆದೊಯ್ದು, ವಸತಿಗೃಹದಲ್ಲಿ ಮೂರು ದಿನ ಉಳಿದ ಮೇಲೆ ಬುರುಡೆಯ ಸಿಟಿ ಸ್ಕ್ಯಾನ್ ಮಾಡಿ ಆಗುವುದಿಲ್ಲ ಎಂದರು. ಬುರುಡೆಯ ಹೊರ ಪದರ ಗಟ್ಟಿ, ನಡುವಿನದು ಸ್ಪಂಜಿನಂತೆ. ಎರಡರ ಸಾಂದ್ರತೆಯಲ್ಲಿ ಅಂತರ ಹೆಚ್ಚಿದ್ದರೆ ತರಂಗ ಮೂಳೆಯಲ್ಲೇ ಕರಗಿ, ಒಳಗೆ ಬೇಕಾದಷ್ಟು ಶಾಖ ಹುಟ್ಟುವುದಿಲ್ಲ. ಇದನ್ನು ಒಂದು ಅನುಪಾತದಲ್ಲಿ ಅಳೆಯುತ್ತಾರೆ, 0.4ಕ್ಕಿಂತ ಕೆಳಗಿದ್ದರೆ ಕಷ್ಟ. ಅಪ್ಪನದು 0.33. ಅವರ ತಲೆ ಗಟ್ಟಿ ಎಂದು ಅಮ್ಮ ನಲವತ್ತು ವರ್ಷದಿಂದ ಹೇಳುತ್ತಿದ್ದರು. ಅದು ಸಾಲದು ಎಂದು ಯಂತ್ರ ಹೇಳಿತು.

ನಗುವುದಿರಲಿ, ಫೋನಿನಲ್ಲಿ ವಿಚಾರಿಸಿದಾಗಲೇ ಅವರು ಇದನ್ನು ಹೇಳಬಹುದಿತ್ತು. ನೀವು ಊರಿನಿಂದ ಹೊರಡುವ ಮುನ್ನವೇ ಯಾವ ಬಗೆಯ ಸಿಟಿ ಬೇಕೆಂದು ಬರಹದಲ್ಲಿ ಕೇಳಿ, ಶಿವಮೊಗ್ಗದಲ್ಲೇ ಮಾಡಿಸಿ ಕಳುಹಿಸಿ. ಪೇಸ್‌ಮೇಕರ್, ರಕ್ತ ತೆಳುಮಾಡುವ ಮಾತ್ರೆ, ಮುಚ್ಚಿದ ಜಾಗದ ಭಯ, ಇವು ಇದ್ದರೆ ಮೊದಲೇ ತಿಳಿಸಿ.

ಮಂಗಳೂರಿನಿಂದ, ಔಷಧಾಲಯ ನಡೆಸುವವರು

ಆಸ್ತಮಾ ಎಂದಿರಿ. ಸಾಲ್ಬುಟಮಾಲ್ ಇನ್ಹೇಲರ್ ದಿನಕ್ಕೆ ಎಷ್ಟು ಸಲ ಸೇದುತ್ತಾರೆ? ಅದೇ ನಡುಕವನ್ನು ಹೆಚ್ಚಿಸುತ್ತದೆ. ನೀವಾಗಿ ನಿಲ್ಲಿಸಬೇಡಿ, ಶ್ವಾಸಕೋಶದ ವೈದ್ಯರನ್ನು ಕೇಳಿ. ಥೈರಾಯ್ಡ್ ಪರೀಕ್ಷೆ ಆಗಿದೆಯೇ? ನಮ್ಮ ಚಿಕ್ಕಪ್ಪನ ನಡುಕದ ಅರ್ಧ ಭಾಗ ಇಳಿದದ್ದು ಥೈರಾಯ್ಡ್ ಮಾತ್ರೆಯ ಪ್ರಮಾಣ ಸರಿಪಡಿಸಿದ ಮೇಲೆ.

ಅಮೆರಿಕದ ವರ್ಜೀನಿಯಾದಿಂದ

ನಾನಿರುವ ರಾಜ್ಯದ ವರ್ಜೀನಿಯಾ ವಿಶ್ವವಿದ್ಯಾಲಯದ ಜೆಫ್ ಎಲಿಯಾಸ್ ಅವರ ತಂಡವೇ ಈ ಚಿಕಿತ್ಸೆಯ ಮುಖ್ಯ ಪರೀಕ್ಷೆಯನ್ನು ಮುನ್ನಡೆಸಿ 2016ರಲ್ಲಿ ಪ್ರಕಟಿಸಿದ್ದು. ಅದರಲ್ಲಿದ್ದದ್ದು 76 ಮಂದಿ. ಚಿಕಿತ್ಸೆ ಪಡೆದವರ ಕೈನಡುಕ ಮೂರು ತಿಂಗಳಲ್ಲಿ ಸರಾಸರಿ ಶೇ 47ರಷ್ಟು ಇಳಿಯಿತು, ವರ್ಷದ ಕೊನೆಗೆ ಶೇ 40. ಮೊದಲಿಗೆ ಶೇ 36 ಜನರಿಗೆ ನಡಿಗೆಯ ತೊಂದರೆ ಇತ್ತು, ವರ್ಷದ ನಂತರ ಶೇ 9ರಲ್ಲಿ ಉಳಿಯಿತು. ತುಮಕೂರಿನವರ ಜುಮುಜುಮು ಶೇ 14 ಜನರಲ್ಲಿ ಉಳಿಯಿತು. ಇಲ್ಲಿ ಎರಡನೆಯ ಕೈಗೂ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಮೊದಲಿನದಾಗಿ ಕನಿಷ್ಠ ಒಂಬತ್ತು ತಿಂಗಳು ಕಳೆದಿರಬೇಕು. ನನ್ನ ಅತ್ತೆಗೆ ಮೊದಲ ಸಲ ಗುಣ ಕಂಡಿತು, ಎರಡನೆಯದಕ್ಕೆ ಅವರೇ ಬೇಡ ಎಂದರು. ಎರಡೂ ಕಡೆ ಸುಟ್ಟರೆ ಮಾತು, ಸಮತೋಲನ ಕೆಡುವ ಅಪಾಯ ಹೆಚ್ಚು ಎಂಬ ಹೆದರಿಕೆ ಅವರದು.

ಮೈಸೂರಿನಿಂದ

ನಮ್ಮ ಯಜಮಾನರದು ಪಾರ್ಕಿನ್ಸನ್. ಸುಮ್ಮನೆ ಕುಳಿತಾಗಲೇ ನಡುಗುವುದು ಅದರ ಲಕ್ಷಣ, ನಿಮ್ಮ ತಂದೆಯವರದು ಬೇರೆ. ನಾವು ಡಿಬಿಎಸ್ ಆರಿಸಿಕೊಂಡೆವು: ತಲೆಯೊಳಗೆ ತಂತಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ. ತಲೆ ಕೊರೆಯಲೇಬೇಕು. ಆದರೆ ರೋಗ ಬೆಳೆದಂತೆ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಬಹುದು, ಎರಡೂ ಕೈಗೆ ಆಗುತ್ತದೆ. ನಿಮ್ಹಾನ್ಸ್‌ನಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ.

ಬ್ಯಾಂಕಿನ ಸಹಿಗಾಗಿ ಅವಸರ ಬೇಡ. ಸಹಿ ಹಾಕಲಾಗದ ವೃದ್ಧರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಮಾಡಬಹುದು.

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಇನ್ಹೇಲರ್ ದಿನಕ್ಕೆ ಆರು ಸಲ! ನಾವು ಯಾರೂ ಎಣಿಸಿರಲಿಲ್ಲ. ಸೋಮವಾರ ಶ್ವಾಸಕೋಶದ ವೈದ್ಯರು, ಥೈರಾಯ್ಡ್ ಪರೀಕ್ಷೆ, ಆಮೇಲೆ ಸಿಟಿ. ನಿಮ್ಮ ಉತ್ತರಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಸುಡುವುದು, ಮರಗಟ್ಟುವುದು, ವಾಲುವುದು ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡರು. ತುಮಕೂರಿನವರಿಗೆ ಅವರದೊಂದೇ ಪ್ರಶ್ನೆ: ಮೀಸೆಯನ್ನೂ ಬೋಳಿಸುತ್ತಾರೆಯೇ?

ತುಮಕೂರಿನಿಂದ

ಇಲ್ಲ. ನನ್ನದು ಹಾಗೆಯೇ ಇತ್ತು.